ಮೊದಲು ಕೀವು ಹೊರಗೆ ಹೋಗಲಿ

ಕೇಳುಗರಿಗೆ ನಮಸ್ಕಾರ. ಇವತ್ತು ಮನೆಯವರ ಹತ್ತಿರವೂ ಹೇಳಿಕೊಳ್ಳಲು ನಾಚುವ ಕಾಯಿಲೆಯ ಬಗ್ಗೆ ಮಾತಾಡುತ್ತೇನೆ. ಫಿಸ್ಟುಲಾ, ಅಂದರೆ ಭಗಂದರ.

ಗುದದ್ವಾರದ ಪಕ್ಕ ಒಂದು ಕುರು ಏಳುತ್ತದೆ. ಒಡೆದು ಕೀವು ಸೋರುತ್ತದೆ, ಮಾಯುತ್ತದೆ. ಸ್ವಲ್ಪ ದಿನ ಬಿಟ್ಟು ಮತ್ತೆ ಅಲ್ಲೇ ಏಳುತ್ತದೆ. ಜನ ಇದನ್ನು ಪೈಲ್ಸ್ ಅಂದುಕೊಂಡು, ಬಸ್ ಸ್ಟ್ಯಾಂಡ್ ಗೋಡೆಯ ಜಾಹೀರಾತು ನೋಡಿಕೊಂಡು ಹೋಗುತ್ತಾರೆ. ಪೈಲ್ಸ್ ಅಲ್ಲ ಸ್ವಾಮಿ ಇದು! ಗದ್ದೆ ಬದುವಿನ ಇಲಿ ಬಿಲದ ಹಾಗೆ ಇದಕ್ಕೆ ಎರಡು ಬಾಯಿ. ಒಂದು ಚರ್ಮದ ಮೇಲೆ, ಇನ್ನೊಂದು ಗುದನಾಳದ ಒಳಗೆ. ಹೊರಬಾಯಿಗೆ ಸುಮ್ನೆ ಮುಲಾಮು ಮೆತ್ತಿದರೆ ಏನು ಬಂತು? ಮೊದಲು ಕೀವು ಹೊರಗೆ ಹೋಗಬೇಕು. ಇದೊಂದು ನೆನಪಿಟ್ಟುಕೊಳ್ಳಿ, ಮಿಕ್ಕಿದ್ದು ಮರೆತರೂ ಪರವಾಗಿಲ್ಲ.

ನನ್ನ ವಿದ್ಯಾರ್ಥಿಗಳಿಗೆ ಕೇಳಿ ಕೇಳಿ ಸಾಕಾಗಿರುವ ಕತೆ ಒಂದಿದೆ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಗೆ 1686ರಲ್ಲಿ ಇದೇ ಕಾಯಿಲೆ ಆಯಿತು. ಲೇಪ ಹಾಕಿದರು, ಏನೇನೋ ಮಾಡಿದರು, ಗುಣವಾಗಲಿಲ್ಲ. ಕೊನೆಗೆ ಕೆಲಸ ಫೆಲಿಕ್ಸ್ ಎಂಬ ಶಸ್ತ್ರವೈದ್ಯನ ಪಾಲಿಗೆ ಬಂತು. ದೊರೆಯ ಮೈ ಮುಟ್ಟುವ ಮೊದಲು ಅವನು ತಿಂಗಳುಗಟ್ಟಲೆ ಬಡ ರೋಗಿಗಳ ಮೇಲೆ ಕೈ ಪಳಗಿಸಿಕೊಂಡ. ಪಾಪ, ಅವರನ್ನು ಯಾರು ಕೇಳಿದರು ಅನ್ನಿ. ಇದಕ್ಕೆಂದೇ ಒಂದು ಬಾಗಿದ ಚಾಕು ಮಾಡಿಸಿದ. ಮುಂದೆ ತೆಳ್ಳನೆಯ ಸಲಾಕೆ, ಹಿಂದೆ ಅಲಗು. ಸಲಾಕೆ ದಾರಿ ಹುಡುಕುತ್ತಾ ಹೋಗಬೇಕು, ಅಲಗು ಅದರ ಹಿಂದೆಯೇ ಸೀಳಬೇಕು. ನವೆಂಬರ್ 18ರ ಬೆಳಿಗ್ಗೆ, ಅರಿವಳಿಕೆ ಇಲ್ಲದ ಕಾಲದಲ್ಲಿ, ದೊರೆ ಹಲ್ಲು ಕಚ್ಚಿ ಮಲಗಿದ. ಮೇಲೆ ಮಾತ್ರ ಕೂಡಿಕೊಂಡು ಒಳಗೆ ಟೊಳ್ಳು ಉಳಿಯಬಾರದು ಅಂತ ಡಿಸೆಂಬರಿನಲ್ಲಿ ಮತ್ತೆ ಕತ್ತರಿಸಿದರು. ದೊರೆ ಗುಣವಾದ. ಕಾಯಿಲೆಯೇ ಇಲ್ಲದ ಆಸ್ಥಾನದವರು ಕೆಲವರು ನಮಗೂ ಅದೇ ಆಪರೇಷನ್ ಮಾಡಿ ಅಂತ ದುಂಬಾಲು ಬಿದ್ದರಂತೆ! ಫೆಲಿಕ್ಸ್ ಮಾಡಿದ್ದಿಷ್ಟೇ, ಕೀವಿಗೆ ದಾರಿ ಬಿಟ್ಟ.

ಕತೆಯಲ್ಲೇ ಅರ್ಧ ಸಮಯ ಹೋಯಿತು, ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ. ಆ ಎರಡು ಬಾಯಿಗಳ ನಡುವಿನ ಸುರಂಗ ಮಲ ಹಿಡಿದಿಡುವ ಸ್ನಾಯುವಿನೊಳಗೆ ಹಾದು ಹೋಗಿದ್ದರೆ ಜಾಸ್ತಿ ಸೀಳುವ ಹಾಗಿಲ್ಲ. ಹಿಡಿತವೇ ತಪ್ಪುತ್ತದೆ. ಅದಕ್ಕೇ ಸುರಂಗಕ್ಕೆ ಬಿರಡೆಯ ಹಾಗೆ ಕೂರಿಸುವ, ಮೈಯೊಳಗೆ ಕರಗುವ ಪ್ಲಗ್‌ಗಳು ಬಂದವು. ಹಂದಿಯ ಸಣ್ಣ ಕರುಳಿನ ಪದರದಿಂದ ಜೀವಕೋಶ ತೆಗೆದುಹಾಕಿ, ಉಳಿದ ಕೊಲಾಜನ್ ಎಂಬ ಪ್ರೋಟೀನಿನ ಜಾಲವನ್ನು ಒಂದು ಕಡೆ ದಪ್ಪ, ಒಂದು ಕಡೆ ಚೂಪಾಗಿ ಸುತ್ತಿರುತ್ತಾರೆ. ಒಳಬಾಯಿಯಿಂದ ಎಳೆದು ಕೂರಿಸಿ ಅಲ್ಲೇ ಹೊಲಿಯುವುದು. ಹೊರಬಾಯಿ ಮುಚ್ಚುವುದಿಲ್ಲ. ಯಾಕೆ ಹೇಳಿ? ಕೀವು ಹೊರಗೆ ಹೋಗಬೇಕು! ನಮ್ಮ ಕೋಶಗಳು ಆ ಜಾಲದಲ್ಲಿ ಹಬ್ಬಿ ಹೊಸ ಮಾಂಸ ತುಂಬುತ್ತದೆ, ಪ್ಲಗ್ ತಾನೇ ಕರಗುತ್ತದೆ. ಆದರೆ ಸೋಂಕು ಉಳಿದಿದ್ದರೆ ಪ್ಲಗ್ ಕಳಚಿಕೊಂಡು ಬರಬಹುದು. ಹಾಗಾಗಿ ಕ್ರಿಮಿ ಕೊಲ್ಲುವ ಗುಣವನ್ನೂ ಇಂಥ ವಸ್ತುವಿಗೇ ಸೇರಿಸುವ ಸಂಶೋಧನೆ ನಡೆದಿದೆ. ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್, ಬೆಳ್ಳಿಯ ಅತಿ ಸಣ್ಣ ಕಣ, ನಿಧಾನಕ್ಕೆ ಬಿಡುವ ಆಂಟಿಬಯಾಟಿಕ್, ಹೀಗೆ.

ಆಯುರ್ವೇದದ ಕ್ಷಾರಸೂತ್ರ ಹೇಗೆ ಅಂತ ಕೇಳುವವರಿದ್ದಾರೆ. ಉತ್ತರಾಣಿ ಕ್ಷಾರ, ಕಳ್ಳಿ ಹಾಲು, ಅರಿಶಿನ ಬಳಿದು ಸುರಂಗದೊಳಗೆ ಹಾಯಿಸಿ ಕಟ್ಟುವ ದಾರ ಅದು. ಅದೂ ಕೀವಿಗೆ ದಾರಿ ತೆರೆದಿಟ್ಟೇ ಕೆಲಸ ಮಾಡುವುದು. ಕಲಿತವರ ಕೈಯಲ್ಲಿ ಮಾಡಿಸಿಕೊಳ್ಳಿ.

ಸಂಕೋಚ ನಿಮಗಿರಬಹುದು, ಡಾಕ್ಟರುಗಳಾದ ನಮಗಿಲ್ಲ. ನಾವು ದಿನಾ ನೋಡುವುದು ಅದನ್ನೇ ಅಲ್ವಾ? ಡಾಕ್ಟರು ಎಂಆರ್‌ಐ ಮಾಡಿಸಿ ಅಂದರೆ ದುಡ್ಡಿನಾಸೆ ಅಂದುಕೊಳ್ಳಬೇಡಿ. ಸುರಂಗ ಎಲ್ಲಿಂದ ಎಲ್ಲಿಗೆ ಹೋಗಿದೆ, ಎಲ್ಲಿ ಕೀವು ನಿಂತಿದೆ ಅಂತ ಅದರಲ್ಲಿ ಕಾಣುತ್ತದೆ. ನಮಸ್ಕಾರ.