ತುಂಡಿಗೆ ದಾರಿ ಬಿಡಿ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಉಡುಪಿಗೆ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ನಾನು ಭಾಷಣದವನಲ್ಲ, ಮರದ ಕೆಲಸದವನು. ನೋಡಿ, ಹತ್ತು ಬೆರಳೂ ಇವೆ. ಹೊಟ್ಟೆಯ ಮೇಲೆ ಮಾತ್ರ ಒಂದು ಕಲೆ ಇದೆ. ಅದನ್ನು ತೋರಿಸುವುದಿಲ್ಲ, ಕತೆ ಹೇಳುತ್ತೇನೆ.

ಒಂದು ಹಳೆ ಹಂಚಿನ ಮನೆಯ ರಿಪೇರಿ. ಮಾಡಿಗೆ ರೀಪು ಬೇಕಿತ್ತು. ಹೆಬ್ಬಲಸಿನ ಹಲಗೆಯನ್ನು ಟೇಬಲ್ ಸಾ ಮೆಷಿನಿನಲ್ಲಿ, ಅಂದರೆ ದುಂಡು ಬ್ಲೇಡು ಟೇಬಲ್ಲಿನಿಂದ ಮೇಲೆದ್ದಿರುವ ಗರಗಸದಲ್ಲಿ, ಉದ್ದಕ್ಕೆ ಸೀಳುತ್ತಿದ್ದೆ. ಮರ ಸರಿಯಾಗಿ ಒಣಗಿರಲಿಲ್ಲ. ಅರ್ಧ ಸೀಳುವಷ್ಟರಲ್ಲಿ ಸೀಳಿದ ಎರಡೂ ಬದಿ ಹತ್ತಿರ ಬಂದು ಬ್ಲೇಡನ್ನು ಅದುಮಿ ಹಿಡಿದವು. ಮುಂದಿನದ್ದು ಕಣ್ಣಿಗೆ ಕಾಣಲಿಲ್ಲ ಮಾರಾಯ್ರೆ. ಹೊಟ್ಟೆಗೆ ಒನಕೆಯಲ್ಲಿ ಕುಟ್ಟಿದ ಹಾಗಾಯಿತು.

ಯಾಕೆ ಹೀಗೆ? ಬ್ಲೇಡಿನ ಮುಂದಿನ ಹಲ್ಲು, ಅಂದರೆ ನಿಮ್ಮ ಕಡೆಯದ್ದು, ಕೆಳಗಿಳಿಯುತ್ತದೆ. ಅದು ಮರವನ್ನು ಟೇಬಲ್ಲಿಗೇ ಒತ್ತುತ್ತದೆ. ಹಿಂದಿನ ಹಲ್ಲು ಮೇಲೇರುತ್ತದೆ. ಮರ ಅದಕ್ಕೆ ಸಿಕ್ಕಿತೋ, ಎತ್ತಿ ನಿಮ್ಮ ಕಡೆಗೇ ಎಸೆಯುತ್ತದೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಇದನ್ನೇ ಕಿಕ್‌ಬ್ಯಾಕ್ ಅನ್ನುವುದು. ಮರ ಹಾರಿದಾಗ ಅದನ್ನು ಒತ್ತಿದ್ದ ಕೈ ಜಾರಿ ಬ್ಲೇಡಿನ ಮೇಲೆ ಬೀಳಬಹುದು. ಬೆರಳು ಹೋಗುವುದು ಹೀಗೂ ಇದೆ.

ಬ್ಲೇಡಿನ ಬೆನ್ನಿಗೇ ಒಂದು ತಗಡು ನಿಂತಿರುತ್ತದೆ, ರೈವಿಂಗ್ ನೈಫ್. ಸೀಳಿದ ಸಂದು ಮುಚ್ಚಿಕೊಳ್ಳದಂತೆ ತಡೆಯುವುದೇ ಅದರ ಕೆಲಸ. ಅವತ್ತು ಅಡ್ಡ ಬರುತ್ತದೆ ಎಂದು ಅದನ್ನು ಬಿಚ್ಚಿಟ್ಟವನು ಬೇರೆ ಯಾರೂ ಅಲ್ಲ, ನಾನೇ.

ಬ್ಲೇಡಿನ ಪಕ್ಕದಲ್ಲಿ ಮರ ಒರಗಿ ಸಾಗುವ ಉದ್ದನೆಯ ಪಟ್ಟಿಯೇ ಗೈಡು. ಸೀಳುವಾಗ ಗೈಡಿಗೆ ಒರಗುವ ಅಂಚು ನೇರ ಇರಬೇಕು, ಟೇಬಲ್ಲಿಗೆ ಕೂರುವ ಮೈ ಸಪಾಟಾಗಿರಬೇಕು. ಡೊಂಕಿದ್ದರೆ ಮೊದಲು ಕೀಸುಳಿ ಹಾಕಿ. ಗೈಡು ಬ್ಲೇಡಿಗೆ ಸಮಾನಾಂತರವಾಗಿದೆಯೇ ಎಂದು ಹಿಂದೆ ಮುಂದೆ ಎರಡೂ ಕಡೆ ಅಳೆದು ನೋಡಿ. ಬ್ಲೇಡಿನ ಹಲ್ಲು ಮರಕ್ಕಿಂತ ಸ್ವಲ್ಪ ಮೇಲೆ ಕಂಡರೆ ಸಾಕು. ನೀವು ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಗೈಡು ಬಲಕ್ಕಿದ್ದರೆ ಸ್ವಲ್ಪ ಎಡಕ್ಕೆ ನಿಲ್ಲಿ. ಬ್ಲೇಡಿಗೂ ಗೈಡಿಗೂ ನಡುವೆ 6 ಇಂಚಿಗಿಂತ ಕಡಿಮೆ ಜಾಗವಿದ್ದರೆ ಅಲ್ಲಿಗೆ ಕೈ ಬೇಡ, ತಳ್ಳುವ ಕೋಲು ಹಿಡಿಯಿರಿ. ಆ ನಡುವಿನ ತುಂಡನ್ನೇ ಬ್ಲೇಡು ದಾಟುವವರೆಗೆ ತಳ್ಳಬೇಕು. ಅರ್ಧಕ್ಕೆ ನಿಲ್ಲಿಸಬಾರದು. ಆಚೆ ನಿಂತ ಹುಡುಗ ಮರ ಎಳೆಯಲೂಬಾರದು. ಅವನದ್ದು ಭಾರ ಹೊರುವ ಕೆಲಸ, ಅಷ್ಟೇ. ನಮ್ಮಲ್ಲಿ ಈ ಎಳೆಯುವ ಚಾಳಿ ಜಾಸ್ತಿ.

ಅಡ್ಡ ಕೊಯ್ಯುವಾಗ ಲೆಕ್ಕವೇ ಬೇರೆ. ಹಲಗೆ ಉದ್ದ, ಗೈಡಿಗೆ ತಾಗುವ ತುದಿ ಗಿಡ್ಡ. ಸುಮ್ನೆ ಗೈಡಿಗೆ ಒತ್ತಿ ತಳ್ಳಿದರೆ ಅದು ತಿರುಚಿಕೊಳ್ಳುತ್ತದೆ. ಅದಕ್ಕೇ ಟೇಬಲ್ಲಿನಲ್ಲಿ ಕೊರೆದ ತೋಡಿನಲ್ಲಿ ಜಾರುವ ಮೈಟರ್ ಗೇಜ್ ಇರುವುದು. ಮರವನ್ನು ಅದಕ್ಕೆ ಗಟ್ಟಿಯಾಗಿ ಹಿಡಿದು ತಳ್ಳಿ. ಆಗ ಗೈಡನ್ನು ದೂರ ಸರಿಸಿಬಿಡಿ. ಎರಡನ್ನೂ ಒಟ್ಟಿಗೆ ಬಳಸಿದರೆ ಕೊಯ್ದ ತುಂಡು ಬ್ಲೇಡಿಗೂ ಗೈಡಿಗೂ ನಡುವೆ ಸಿಕ್ಕಿಬೀಳುತ್ತದೆ. ಹೋಗಲು ದಾರಿ ಇಲ್ಲದ ತುಂಡು ನಿಮ್ಮ ಕಡೆಗೇ ಬರುತ್ತದೆ, ಅಲ್ವಾ? ಒಂದೇ ಅಳತೆಯ ಹತ್ತು ತುಂಡು ಬೇಕೇ? ಬ್ಲೇಡಿಗಿಂತ ಸಾಕಷ್ಟು ಈಚೆಗೆ, ಗೈಡಿಗೆ ಒಂದು ಮರದ ಗಟ್ಟಿ ಕಟ್ಟಿ. ಮರದ ತುದಿಯನ್ನು ಅದಕ್ಕೆ ತಾಗಿಸಿ ಅಳತೆ ಹಿಡಿಯಿರಿ, ಆಮೇಲೆ ಗೇಜಿನಲ್ಲಿ ತಳ್ಳಿ. ಮರ ಬ್ಲೇಡಿಗೆ ಮುಟ್ಟುವ ಹೊತ್ತಿಗೆ ಪಕ್ಕದಲ್ಲಿ ಜಾಗ ಖಾಲಿ ಇರುತ್ತದೆ. ಗೈಡೂ ಇಲ್ಲದೆ, ಗೇಜೂ ಇಲ್ಲದೆ ಬರೀ ಕೈಯಲ್ಲಿ ಹಿಡಿದು ಕೊಯ್ಯುವುದಂತೂ ಬೇಡವೇ ಬೇಡ.

ಸೈಟುಗಳಲ್ಲಿ ಪ್ಲೈವುಡ್ಡಿನ ಅಡಿಗೆ ಕೈಯಲ್ಲಿ ಹಿಡಿಯುವ ಕಟ್ಟರ್ ಮೆಷಿನನ್ನು ಉಲ್ಟಾ ಬಿಗಿದು ಟೇಬಲ್ ಮಾಡಿಕೊಳ್ಳುವುದು ನೋಡಿದ್ದೀರಿ. ನಾನೂ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಅದಕ್ಕೆ ಬೆನ್ನಿನ ತಗಡೂ ಇಲ್ಲ, ಬ್ಲೇಡು ಮುಚ್ಚುವ ಗಾರ್ಡೂ ಇಲ್ಲ, ಕೈಗೆ ಸಿಗುವ ಸ್ವಿಚ್ಚೂ ಇಲ್ಲ. ಕಲಿಯುವವರಿಗೆ ಅದು ಖಂಡಿತ ಬೇಡ.

ಇನ್ನು ನಮ್ಮೂರಿನ ಮಳೆಗಾಲ, ಕರೆಂಟು. ಕೊಯ್ಯುವ ಮಧ್ಯೆ ಕರೆಂಟು ಹೋದರೆ ಮೊದಲು ಸ್ವಿಚ್ ಆಫ್ ಮಾಡಿ. ಬ್ಲೇಡು ಪೂರ್ತಿ ನಿಂತ ಮೇಲೆ ಮರ ತೆಗೆಯಿರಿ. ಕೆಲವು ಮೆಷಿನುಗಳಲ್ಲಿ ಕರೆಂಟು ಬಂದರೂ ತಾನಾಗಿ ಚಾಲೂ ಆಗದ ಸ್ವಿಚ್ ಇರುತ್ತದೆ. ಹಳೆಯವುಗಳಲ್ಲಿ ಇರುವುದಿಲ್ಲ, ಕೈ ಅಲ್ಲಿರುವಾಗಲೇ ತಿರುಗಲು ಶುರುವಾಗುತ್ತದೆ. ಬ್ಲೇಡು ಬದಲಿಸುವಾಗ ಪ್ಲಗ್ಗನ್ನೇ ಕಿತ್ತಿಡಿ.

ಸರಿ, ಈಗ ಮೆಷಿನಿನ ಹತ್ತಿರ ಬನ್ನಿ. ಕನ್ನಡಕ ಹಾಕಿಕೊಳ್ಳಿ. ಕೈಗವಸು ಬೇಡ, ಬಟ್ಟೆಯ ಎಳೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಬಳೆ, ಉಂಗುರ, ವಾಚು ಬಿಚ್ಚಿ ಆ ಬೆಂಚಿನ ಮೇಲಿಡಿ. ಶಾಲು ಹಾಕಿಕೊಂಡವರು ಅದನ್ನೂ ತೆಗೆದಿಡಿ. ಆ ಕೆಂಪು ಅಂಗಿಯ ತಮ್ಮ, ನೀನು ಬ್ಲೇಡಿನ ನೇರಕ್ಕೇ ನಿಂತಿದ್ದೀಯ. ಸ್ವಲ್ಪ ಈಚೆ ಬಾ.