ಮೊದಲು ಪಟ್ಟಿ, ಆಮೇಲೆ ಶಿಬಿರ

ಕೇಳುಗರಿಗೆ ನಮಸ್ಕಾರ.

ರೋಟರಿ, ಲಯನ್ಸ್, ಜೇಸೀಸ್, ಇನ್ನರ್ ವೀಲ್. ಈ ಸೇವಾ ಸಂಘಗಳಲ್ಲಿ ಒಂದಾದರೂ ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಇದ್ದೇ ಇರುತ್ತದೆ. ಅದರ ಅಧ್ಯಕ್ಷರು, ಕಾರ್ಯದರ್ಶಿಗಳು, ಸದಸ್ಯರು ಈಗ ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ವಿಷಯ ರಕ್ತದಾನ. ಹೇಳಬೇಕಾದದ್ದು ಒಂದೇ: ಮೊದಲು ದಾನಿಗಳ ಪಟ್ಟಿ ಮಾಡಿ, ಶಿಬಿರ ಆಮೇಲೆ.

ಸಾಮಾನ್ಯವಾಗಿ ಏನಾಗುತ್ತದೆ? ಅಕ್ಟೋಬರ್ 1, ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ದೊಡ್ಡ ಶಾಮಿಯಾನ, ಒಂದೇ ದಿನ 200 ಯೂನಿಟ್. ಎಲ್ಲರಿಗೂ ಖುಷಿ. ಈಗ ಲೆಕ್ಕ ಹಾಕಿ. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಶೀತದಲ್ಲಿಟ್ಟರೂ ಬಾಳಿಕೆ 35 ದಿನ, ಪೋಷಕ ದ್ರಾವಣ ಸೇರಿಸಿದರೆ 42 ದಿನ. ಅಂದರೆ ನವೆಂಬರ್ 12ರ ಹೊತ್ತಿಗೆ ಉಳಿದದ್ದೆಲ್ಲ ಚೆಲ್ಲಬೇಕು. ಪ್ಲೇಟ್‌ಲೆಟ್ ಆದರೆ ಐದೇ ದಿನ. ಇನ್ನೊಂದು ಕಡೆ, ರಕ್ತ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವಂತಿಲ್ಲ. ನವೆಂಬರ್ ಕೊನೆಯಲ್ಲಿ ಹೆರಿಗೆ ಮನೆಯಿಂದ ಕರೆ ಬಂದರೆ, ಬ್ಲಡ್ ಬ್ಯಾಂಕಿನಲ್ಲಿ ಆ ರಕ್ತವೂ ಇಲ್ಲ, ಊರಿನಲ್ಲಿ ಕೊಡಬಲ್ಲ ದಾನಿಯೂ ಇಲ್ಲ. ಕೊಡುವ ಮನಸ್ಸಿದ್ದವರೆಲ್ಲ ಒಂದೇ ದಿನ ಕೊಟ್ಟು ಕೂತಿದ್ದಾರೆ! ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಅವರಿಗೆ ಅಕ್ಟೋಬರ್ ಒಂದೂ ಒಂದೇ, ಏಪ್ರಿಲ್ ಹತ್ತೂ ಒಂದೇ.

ಈ ಪಟ್ಟಿಯ ಯೋಚನೆ ಹುಟ್ಟಿದ ಬಗೆಯನ್ನು ಹೇಳಲೇಬೇಕು. 1921ರ ಅಕ್ಟೋಬರ್, ಲಂಡನ್ನಿನ ಕ್ಯಾಂಬರ್‌ವೆಲ್ ಭಾಗ. ಪರ್ಸಿ ಲೇನ್ ಆಲಿವರ್ ಎಂಬವರು ಅಲ್ಲಿನ ರೆಡ್ ಕ್ರಾಸ್ ವಿಭಾಗದ ಗೌರವ ಕಾರ್ಯದರ್ಶಿ. ಸಂಬಳವಿಲ್ಲದ ಕೆಲಸ, ನಿಮ್ಮ ಸಂಘದ ಕಾರ್ಯದರ್ಶಿಯ ಹಾಗೆಯೇ. ಒಂದು ದಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಿಂದ ಫೋನು: ರೋಗಿಗೆ ತುರ್ತಾಗಿ ರಕ್ತ ಬೇಕು, ಯಾರಾದರೂ ಸಿಗುತ್ತಾರೆಯೇ? ಆಗಿನ್ನೂ ಈಗಿನಂಥ ಬ್ಲಡ್ ಬ್ಯಾಂಕ್ ಇಲ್ಲ. ದಾನಿಯೇ ಆಸ್ಪತ್ರೆಗೆ ಹೋಗಿ ಮಲಗಬೇಕು. ಆಲಿವರ್ ಕೆಲವು ಸ್ವಯಂಸೇವಕರನ್ನು ಕರೆದುಕೊಂಡು ತಾವೂ ಹೊರಟರು. ಅವರಲ್ಲಿ ಲಿನ್‌ಸ್ಟೆಡ್ ಎಂಬ ನರ್ಸಮ್ಮನ ರಕ್ತ ಹೊಂದಿತು, ಆಕೆ ಕೊಟ್ಟರು. ಅಲ್ಲಿಗೆ ಮುಗಿಸಿ, ಒಂದು ಸನ್ಮಾನ ಮಾಡಿ ಸುಮ್ಮನಾಗಬಹುದಿತ್ತು. ಆಲಿವರ್ ಸುಮ್ಮನಾಗಲಿಲ್ಲ. ಮುಂದಿನ ಕರೆ ಬರುವ ಮೊದಲೇ ದಾನಿಗಳನ್ನು ಗುರುತಿಸಿ, ರಕ್ತದ ಗುಂಪು ಪರೀಕ್ಷಿಸಿ, ಆರೋಗ್ಯ ನೋಡಿಸಿ ಪಟ್ಟಿ ಮಾಡಿದರು. ಕಚೇರಿ ಯಾವುದು? ಅವರ ಮನೆಯೇ. ಹೆಂಡತಿ ಎಥೆಲ್ ಅವರೂ ಜೊತೆಗೆ ನಿಂತರು. ಹಗಲಿರುಳೆನ್ನದೆ ಆಸ್ಪತ್ರೆಯವರು ಫೋನ್ ಮಾಡಿದರೆ ಪಟ್ಟಿ ತೆಗೆದು, ಹೊಂದುವ ಗುಂಪಿನವರನ್ನು ಹುಡುಕಿ ಕಳಿಸುತ್ತಿದ್ದರು. ದಾನಿಗೆ ಹಣವಿಲ್ಲ, ರೋಗಿಯಿಂದಲೂ ಹಣವಿಲ್ಲ. ಬೇರೆ ಊರು, ಬೇರೆ ದೇಶದವರೂ ಇದನ್ನು ನೋಡಿ ಕಲಿತರು. ಗಮನಿಸಿ: ಶಾಮಿಯಾನ ಇರಲಿಲ್ಲ, ಬ್ಯಾನರ್ ಇರಲಿಲ್ಲ. ಇದ್ದದ್ದು ಒಂದು ಪಟ್ಟಿ, ಒಂದು ಫೋನು.

ನೀವು ಮಾಡುವುದು ಹೇಗೆ? ಸಂಘದಲ್ಲಿ 30 ಜನ ಇದ್ದೀರಿ ಅನ್ನಿ. ತಲಾ ಹತ್ತು ಹೆಸರು ಹಂಚಿಕೊಳ್ಳಿ: ಅಂಗಡಿಯ ಹುಡುಗ, ಬ್ಯಾಂಕಿನ ಕ್ಯಾಷಿಯರ್, ಕಾಲೇಜಿನ ಮೇಷ್ಟ್ರು. 300 ದಾನಿಗಳಾದರು. ಹೆಸರು, ಗುಂಪು, ಫೋನ್, ಕೊನೆಯ ಸಲ ಕೊಟ್ಟ ತಾರೀಖು, ಮತ್ತೆ ಕೊಡಬಹುದಾದ ತಾರೀಖು, ಇಷ್ಟು ಬರೆದಿಡಿ. ಈ ಕೊನೆಯ ಕಲಂ ಇಲ್ಲದಿದ್ದರೆ ಪಟ್ಟಿ ಬರೀ ವಿಳಾಸದ ಪುಸ್ತಕ. ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಮೆಸೇಜಿಗೆ ಯಾರೂ ಬರುವುದಿಲ್ಲ. "ರಮೇಶಣ್ಣ, ಭಾನುವಾರ ನಿನ್ನ ಸರದಿ, ನಾನೂ ಬರ್ತೀನಿ" ಅಂತ ಸ್ನೇಹಿತ ಫೋನ್ ಮಾಡಿದರೆ ಬರುತ್ತಾರೆ. ಸಂಘದ ಗೆಳೆತನ ಕೆಲಸಕ್ಕೆ ಬರುವುದು ಇಲ್ಲಿ.

ಶಿಬಿರವನ್ನು ಮೂರು ತಿಂಗಳಿಗೊಮ್ಮೆ, 50ರಿಂದ 70 ಜನರಿಗೆ ಮಾತ್ರ ಮಾಡಿ. ಒಬ್ಬ ವೈದ್ಯರು, ಇಬ್ಬರು ನರ್ಸ್‌ಗಳು, ಆರರಿಂದ ಎಂಟು ಮಂಚ, ಮೂವರು ಟೆಕ್ನೀಷಿಯನ್‌ಗಳಿದ್ದರೆ ಮೂರು ಗಂಟೆಯಲ್ಲಿ ಮುಗಿಯುತ್ತದೆ. ತಾರೀಖು ನೀವೇ ಗೊತ್ತುಮಾಡಬೇಡಿ. ಬ್ಲಡ್ ಬ್ಯಾಂಕಿಗೆ ಮೊದಲು ಕೇಳಿ: ಯಾವಾಗ ಬೇಕು, ಎಷ್ಟು ಬೇಕು? ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜಿಗೆ ರಜೆ, ಅರ್ಧ ಊರು ಪ್ರವಾಸದಲ್ಲಿ. ಅಭಾವ ಆಗುವುದು ಆಗಲೇ.

ಇನ್ನು ಮುಖ್ಯ ಅತಿಥಿಗಳ ವಿಚಾರ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ಹೇಳಿಬಿಡುತ್ತೇನೆ. ಎಂಟು ಗಂಟೆಗೆ ತಿಂಡಿ ತಿಂದು ಬಂದ ಹುಡುಗನನ್ನು ಅತಿಥಿಗಳು ಬರುವವರೆಗೆ, ಶಾಲು ಹೊದಿಸುವವರೆಗೆ, ಭಾಷಣ ಮುಗಿಯುವವರೆಗೆ ಸೆಕೆಯಲ್ಲಿ ಕೂರಿಸುತ್ತೀರಿ. ಹನ್ನೊಂದೂವರೆಗೆ ಸೂಜಿ ಚುಚ್ಚಿದರೆ ಅವನಿಗೆ ತಲೆ ಸುತ್ತಿ ಬರುತ್ತದೆ. ಒಬ್ಬ ಕುಸಿದು ಬಿದ್ದರೆ ಸಾಲಿನಲ್ಲಿದ್ದ ಐವರು ಮೆಲ್ಲಗೆ ಎದ್ದು ಹೋಗುತ್ತಾರೆ, ಮುಂದಿನ ಸಲ ಫೋನ್ ಎತ್ತುವುದಿಲ್ಲ. ಪಟ್ಟಿ ಹಾಳಾಗುವುದು ಹೀಗೆ. ಸಭೆ ಬೇಕೇ ಬೇಕು ಅಂದರೆ ಕೊನೆಯಲ್ಲಿಟ್ಟುಕೊಳ್ಳಿ. ತಲೆ ಸುತ್ತಿದವರನ್ನು ಕೂರಿಸಬೇಡಿ. ಮಲಗಿಸಿ, ಕಾಲು ಮೇಲೆತ್ತಿ, ಸುತ್ತ ಜನ ಸೇರದಂತೆ ನೋಡಿಕೊಂಡು ವೈದ್ಯರನ್ನು ಕರೆಯಿರಿ.

ದಾನಿಯ ತೂಕ ಕನಿಷ್ಠ 45 ಕೆಜಿ, ವಯಸ್ಸು 18 ತುಂಬಿರಬೇಕು, ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ಬೆರಳ ತುದಿಯಿಂದ ತೆಗೆದ ಒಂದು ಹನಿಯನ್ನು ನೀಲಿ ಬಣ್ಣದ ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಬಿಡುತ್ತಾರೆ. ಹನಿ ಸರಸರನೆ ತಳಕ್ಕಿಳಿದರೆ ಸಾಕಷ್ಟಿದೆ. ತೇಲಿದರೆ, ನಡುವೆಯೇ ನಿಂತರೆ ಕಡಿಮೆ. ಹೆಣ್ಣುಮಕ್ಕಳು ಹೆಚ್ಚಾಗಿ ವಾಪಸ್ಸಾಗುವುದು ಇಲ್ಲೇ. "ಆಗಲ್ಲ, ಹೋಗಮ್ಮ" ಅನ್ನಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳಲು ಹೇಳಿ, ಕಾಫಿ ಕೊಡಿ, ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಿ. ಬೇರೆ ಯಾರನ್ನಾದರೂ ವೈದ್ಯರು ಬೇಡವೆಂದರೆ ಕಾರಣ ಕೇಳಲೇಬಾರದು. "ಈ ಸಲ ಆಗಲಿಲ್ಲ" ಅಂತ ಬರೆದುಕೊಂಡರೆ ಮುಗಿಯಿತು.

ಸಮಯ ಸಾಲದು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೊಟ್ಟವರನ್ನು ಹದಿನೈದು ಇಪ್ಪತ್ತು ನಿಮಿಷ ಕೂರಿಸಿ, ಜ್ಯೂಸು ಬಿಸ್ಕತ್ತು ಕೊಡಿ, ಆಮೇಲೆ ಬೈಕ್ ಕೀ ಕೊಡಿ. ಹತ್ತಿ, ಸೂಜಿಯ ಕಸವನ್ನು ಬ್ಲಡ್ ಬ್ಯಾಂಕಿನವರೇ ಒಯ್ಯಬೇಕು, ಪುರಸಭೆ ತೊಟ್ಟಿಗೆ ಹಾಕುವಂತಿಲ್ಲ. ಅದೇ ಸಂಜೆ ತಾರೀಖುಗಳನ್ನು ಪಟ್ಟಿಗೆ ಏರಿಸಿ, ನಾಳೆಗೆ ಬಿಟ್ಟರೆ ಆಗುವುದಿಲ್ಲ. ಈ ವಾರದ ಸಭೆಯಲ್ಲೇ 200 ಪುಟದ ಒಂದು ನೋಟ್‌ಬುಕ್ ತರಿಸಿ, ಮೊದಲ ಸಾಲಿನಲ್ಲಿ ಅಧ್ಯಕ್ಷರ ಹೆಸರು, ಅವರ ರಕ್ತದ ಗುಂಪು ಬರೆಯಿರಿ. ನಮಸ್ಕಾರ.