ಲಂಡನ್ ದರ, ನಮ್ಮ ಕಣ

ಕೇಳುಗರಿಗೆ ನಮಸ್ಕಾರ. ಸಕಲೇಶಪುರ, ಮೂಡಿಗೆರೆ ಕಡೆ ಕಣದಲ್ಲಿ ಕಾಫಿ ಹರಡಿದೆ, ಎಲ್ಲರ ಬಾಯಲ್ಲೂ ಒಂದೇ ಮಾತು: ಇವತ್ತು ರೇಟೆಷ್ಟು? ರೊಬಸ್ಟಾ ರೇಟು ಲಂಡನ್‌ನಲ್ಲಿ ಕುದುರುತ್ತೆ, ಅರೇಬಿಕಾ ರೇಟು ನ್ಯೂಯಾರ್ಕ್‌ನಲ್ಲಿ. ಅದು ನಮ್ಮ ಕೈಲಿಲ್ಲ. ಕಾಫಿಯ ಮೇಲೆ ನಾವು ಮಾಡುವ ಕೆಲಸ ನಮ್ಮ ಕೈಲಿದೆ. ಎಷ್ಟು ಕೆಲಸ ಇಲ್ಲಿ ನಡೆಯುತ್ತೋ ಅಷ್ಟು ದುಡ್ಡು ಇಲ್ಲಿ ಉಳಿಯುತ್ತೆ.

ಜರ್ಮನಿಯಲ್ಲಿ ಕಾಫಿ ತೋಟವೇ ಇಲ್ಲ. ಆದರೂ ಹುರಿದ ಕಾಫಿಯನ್ನು ರಫ್ತು ಮಾಡುವ ದೊಡ್ಡ ದೇಶಗಳಲ್ಲಿ ಅದೂ ಒಂದು. ಹುರಿದ ಮೇಲೆ ಕೆಲವೇ ವಾರಗಳಲ್ಲಿ ಘಮ ಇಳಿಯುತ್ತೆ. ಹುರಿಯದ ಬೀಜ ತಿಂಗಳುಗಟ್ಟಲೆ ತಡೆಯುತ್ತೆ. ಹಾಗಾಗಿ ಹುರಿಯುವವರು ಕುಡಿಯುವವರ ಪಕ್ಕದಲ್ಲೇ ನೆಲೆಯೂರಿದರು. ನಮ್ಮ ಬೀಜ, ಬ್ರೆಜಿಲ್ ಬೀಜ ಬೆರೆಸಿ ತಮ್ಮ ಹೆಸರು ಹಾಕಿಕೊಂಡರು.

ಇದಕ್ಕೆ ಎದುರಾಗಿ ನಮ್ಮ ಕರಾವಳಿಯ ಕತೆಯೊಂದಿದೆ, ಅದನ್ನು ಹೇಳಲೇಬೇಕು. ಹಾಯಿಹಡಗಿನ ಕಾಲದಲ್ಲಿ ನಮ್ಮ ಕಾಫಿ ಆಫ್ರಿಕಾ ಸುತ್ತಿ ಯುರೋಪು ಸೇರಲು ತಿಂಗಳುಗಳೇ ಹಿಡಿಯುತ್ತಿದ್ದವು. ಸಮುದ್ರದ ತೇವ ಕುಡಿದು ಬೀಜ ಊದಿ, ಹಳದಿಗೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಗಿರಾಕಿಗಳಿಗೆ ಅದೇ ರುಚಿ ಹತ್ತಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗು ಬಂತು, ಪ್ರಯಾಣ ಚಿಕ್ಕದಾಯಿತು. ಆಗ ಬಂದ ಹಸಿರು ಬೀಜ ಅವರಿಗೆ ಒಗ್ಗಲಿಲ್ಲ. ಆ ರುಚಿಯನ್ನು ನಮ್ಮವರು ಗೋದಾಮಿನಲ್ಲೇ ತಂದರು. ಜೂನ್‌ನಿಂದ ಗಾಳಿಯಾಡುವ ಗೋದಾಮಿನ ನೆಲದಲ್ಲಿ ಅರೇಬಿಕಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ, ಬೀಜ ಹರಡಿ, ಕೆದಕಿ, ತೇವ ಹಿಡಿಸಬೇಕು. ಆಮೇಲೆ ಚೀಲಕ್ಕೆ ಸಡಿಲವಾಗಿ ತುಂಬಿ, ನಡುವೆ ಸಂದು ಬಿಟ್ಟು ಜೋಡಿಸಿ, ಆಗಾಗ ಸುರಿದು ಮತ್ತೆ ತುಂಬಬೇಕು. ಒತ್ತಾಗಿ ಜೋಡಿಸಿದರೆ ಬೂಷ್ಟು ಖಂಡಿತ. 12ರಿಂದ 16 ವಾರದಲ್ಲಿ ಬೀಜ ಹೊಂಬಣ್ಣಕ್ಕೆ ಬರುತ್ತೆ. ಅದೇ ಮಾನ್ಸೂನ್ಡ್ ಮಲಬಾರ್. ಈಗ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನಮ್ಮ ಮಳೆ, ನಮ್ಮ ಕೂಲಿ, ನಮ್ಮ ಗೋದಾಮು. ಕೆಲಸ ಇಲ್ಲಿ, ದುಡ್ಡೂ ಇಲ್ಲಿ!

ಸಮಯ ಕಡಿಮೆ ಇದೆ, ಔಟ್‌ಟರ್ನ್, ಅಂದರೆ ಒಟಿ ವಿಷಯ ಬೇಗ ಹೇಳಿಬಿಡುತ್ತೇನೆ. 50 ಕಿಲೋ ಚೆರಿ ಮೂಟೆಯಲ್ಲಿ 28 ಕಿಲೋ ಬೀಜ ಸಿಕ್ಕರೆ ಒಟಿ 28. ಹಸಿರು ಕಾಯಿ ಬೆರೆತರೆ, ಕಾಯಿಕೊರಕ ಹುಳು ತಿಂದಿದ್ದರೆ 26ಕ್ಕೆ ಇಳಿಯುತ್ತೆ. ಕಿಲೋಗೆ 350 ರೂಪಾಯಿ ಅಂತ ಇಟ್ಟುಕೊಳ್ಳಿ: ಮೂಟೆಗೆ 700, ನೂರು ಮೂಟೆಗೆ 70,000 ರೂಪಾಯಿ ಹೋಯಿತು. ಲಂಡನ್ ಅಲ್ಲ ಸ್ವಾಮಿ ಇದಕ್ಕೆ ಕಾರಣ, ಅವಸರದ ಕೊಯ್ಲು, ಇಲ್ಲಾ ಹುಳು.

ಇನ್ನೊಂದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ ಅನ್ನುವ ಕಾನೂನನ್ನು ಯುರೋಪ್ ಒಕ್ಕೂಟ ಮಾಡಿದೆ. ಅಲ್ಲಿಗೆ ಹೋಗುವ ಕಾಫಿಗೆ ತೋಟದ ಜಿಪಿಎಸ್ ಗುರುತು ಬೇಕು. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ ಒಳಗಿನವರಿಗೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡ ತೋಟಕ್ಕೆ ಸುತ್ತಲಿನ ಗಡಿಯನ್ನೇ ಗುರುತಿಸಬೇಕು. ಪಹಣಿ ತೆಗೆದುಕೊಂಡು ಹತ್ತಿರದ ಕಾಫಿ ಮಂಡಳಿ ಕಚೇರಿಯಲ್ಲಿ ವಿಚಾರಿಸಿ. ನಮಸ್ಕಾರ.